ಗುಡ್ಡದ ಮೇಲಿನ ಶಾಲೆ: ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆ ಮತ್ತು ಭಾಷೆಗಳ ಪ್ರಶ್ನೆ

ದಕ್ಷಿಣ ಕನ್ನಡದ ಶೈಕ್ಷಣಿಕ ಚರಿತ್ರೆಯನ್ನು ಬರೆದವರು ಕ್ರೈಸ್ತ ಸಂಸ್ಥೆಗಳ ಪಾತ್ರವನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ನಿರೂಪಿಸಿದ್ದಾರೆ. ಒಂದು, ಅವು ಇಂಗ್ಲಿಷ್ ವಿದ್ಯೆಯನ್ನು ತಂದು ಜಿಲ್ಲೆಯ ಜನರಿಗೆ ಉದ್ಯೋಗದ ಬಾಗಿಲು ತೆರೆದವು ಎಂಬ ಪ್ರಶಂಸೆ. ಇನ್ನೊಂದು, ಅವು ದೇಶಭಾಷೆಗಳನ್ನು ಹಿಂದಕ್ಕೆ ತಳ್ಳಿದವು ಎಂಬ ಆಕ್ಷೇಪ. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಎರಡೂ ಒಂದು ನಿರ್ದಿಷ್ಟ ಸಂಸ್ಥೆಯನ್ನು ಎದುರಿಗಿಟ್ಟುಕೊಂಡು ಪರೀಕ್ಷಿಸಿದ ತೀರ್ಮಾನಗಳಲ್ಲ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಕಚೇರಿಯಲ್ಲಿ ಕನ್ನಡ, ಮೇಲಧಿಕಾರಿಯ ಮುಂದೆ ಇಂಗ್ಲಿಷ್ ಎಂಬ ವ್ಯವಸ್ಥೆಯಲ್ಲಿ ಬದುಕುತ್ತಿದ್ದ ಒಂದು ಸಣ್ಣ ನಗರದಲ್ಲಿ ಒಂದು ಖಾಸಗಿ ಕೆಥೊಲಿಕ ಶಾಲೆ ಯಾವ ಭಾಷೆಗೆ ಎಷ್ಟು ಸ್ಥಳ ಕೊಟ್ಟಿತು, ಯಾವುದಕ್ಕೆ ಕೊಡಲಿಲ್ಲ ಎಂಬುದನ್ನು ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ. ಅದಕ್ಕಾಗಿ 1880ರಲ್ಲಿ ಆರಂಭವಾದ ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯನ್ನು ಆರಿಸಿಕೊಳ್ಳಲಾಗಿದೆ.

ಮೊದಲಿಗೆ ಪರಿಭಾಷೆಯ ಒಂದು ಮಾತು. ಸಂಸ್ಥೆ ಆರಂಭದಿಂದಲೂ 'ಕಾಲೇಜು' ಎಂದೇ ಕರೆಸಿಕೊಂಡಿತು. ಆದರೆ 19ನೆಯ ಶತಮಾನದ ಮದರಾಸು ಪ್ರಾಂತದಲ್ಲಿ ಕಾಲೇಜೆಂದರೆ ಇಂದಿನ ಅರ್ಥದ ಪದವಿ ಸಂಸ್ಥೆಯಷ್ಟೇ ಅಲ್ಲ. ಕೆಳಗಿನ ಫಾರಂಗಳಿಂದ ಮೆಟ್ರಿಕ್ಯುಲೇಶನ್ ತರಗತಿಯವರೆಗಿನ ಶಾಲೆಯೂ ಅದರೊಳಗೇ ಸೇರಿರುತ್ತಿತ್ತು. ನಾಲ್ಕನೆಯ ಫಾರಂನಿಂದ ಆರನೆಯ ಫಾರಂವರೆಗಿನ ಭಾಗವೇ ಹೈಸ್ಕೂಲು. ಹುಡುಗರ ದೊಡ್ಡ ಸಂಖ್ಯೆ ಇದ್ದದ್ದು ಈ ಶಾಲಾಭಾಗದಲ್ಲಿಯೇ. 'ಕಾಲೇಜಿನಲ್ಲಿ ಓದಿದವರು' ಎಂದು ಹಳೆಯ ಜೀವನಚರಿತ್ರೆಗಳಲ್ಲಿ ಉಲ್ಲೇಖಗೊಂಡವರಲ್ಲಿ ಅನೇಕರು ವಾಸ್ತವವಾಗಿ ಅಲ್ಲಿನ ಹೈಸ್ಕೂಲಿನಲ್ಲಿ ಓದಿದವರು. ಈ ಅಂತರವನ್ನು ಗಮನಿಸದೆ ಹೋದರೆ ಸಂಸ್ಥೆಯ ಪ್ರಭಾವವನ್ನು ಪದವೀಧರರ ಪಟ್ಟಿಯಲ್ಲಿ ಹುಡುಕುವ ತಪ್ಪಾಗುತ್ತದೆ. ಅದನ್ನು ಹುಡುಕಬೇಕಾದದ್ದು ಫಾರಂಗಳ ಕೊಠಡಿಗಳಲ್ಲಿ.

ಹಿನ್ನೆಲೆ

ಕೆನರಾದ ಕೊಂಕಣಿ ಕೆಥೊಲಿಕರು ಬಹುಮಟ್ಟಿಗೆ ಗೋವೆಯಿಂದ ವಲಸೆ ಬಂದವರ ಸಂತತಿ. 1784ರಲ್ಲಿ ಟಿಪ್ಪು ಸುಲ್ತಾನನು ಅವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಮೇಲೆ ಸಮುದಾಯದ ಭೂಮಿ, ಇಗರ್ಜಿಗಳು, ಕುಟುಂಬಗಳು ಎಲ್ಲವೂ ಛಿದ್ರಗೊಂಡವು. 1799ರ ಅನಂತರ ಮರಳಿ ಬಂದವರು ಕಂಪೆನಿ ಸರಕಾರದ ಆಡಳಿತದಲ್ಲಿ ಮೊದಲಿನಿಂದ ಬದುಕು ಕಟ್ಟಿಕೊಳ್ಳಬೇಕಾಯಿತು. ಈ ಪುನರ್ನಿರ್ಮಾಣದ ಎರಡನೆಯ ಮತ್ತು ಮೂರನೆಯ ತಲೆಮಾರಿನ ಮುಖ್ಯ ಬೇಡಿಕೆಯೇ ಶಾಲೆ. ಕಂದಾಯ ಕಚೇರಿ, ನ್ಯಾಯಾಲಯ, ಕಾಫಿ ವಹಿವಾಟಿನ ಸಂಸ್ಥೆಗಳು, ಆಮೇಲೆ ಮುಂಬಯಿಯ ಉದ್ಯೋಗಗಳು, ಎಲ್ಲಕ್ಕೂ ಇಂಗ್ಲಿಷ್ ಬೇಕಾಗಿತ್ತು.

ಇಂಗ್ಲಿಷ್ ಕಲಿಸುವ ಶಾಲೆ ಊರಿನಲ್ಲಿ ಇರಲಿಲ್ಲವೆಂದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪ್ರೊಟೆಸ್ಟೆಂಟ್ ಪಾದ್ರಿಗಳು ಶಾಲೆಗಳನ್ನು ನಡೆಸುತ್ತಿದ್ದರು; ಸರಕಾರದ ಶಾಲೆಯೂ ಇತ್ತು. ಆದರೆ ಶಾಲೆಗೆ ಸೇರುವುದೆಂದರೆ ಬರಿಯ ಓದಿನ ವಿಷಯವಾಗಿರಲಿಲ್ಲ. ಬಾಸೆಲ್ ಮಿಶನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ, ಸಾರಸ್ವತ ಬ್ರಾಹ್ಮಣ ಕುಟುಂಬದ ಆನಂದರಾಯ ಕೌಂಡಿನ್ಯ 1844ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದ ಘಟನೆ ನಗರದ ಹಿಂದೂ ಮನೆಗಳಲ್ಲಿ ಬಹುಕಾಲ ನೆನಪಿನಲ್ಲಿ ಉಳಿಯಿತು. ಕೆಥೊಲಿಕರ ಆತಂಕ ಬೇರೆ ಬಗೆಯದು: ಪ್ರೊಟೆಸ್ಟೆಂಟರ ಶಾಲೆಗೆ ಹೋದ ಮಗ ತನ್ನ ಧರ್ಮಸಭೆಯ ನಿಷ್ಠೆಯಲ್ಲಿ ಉಳಿಯುವನೆ ಎಂಬುದು. ಒಂದೇ ಊರಿನ ಎರಡು ಸಮುದಾಯಗಳು ಎರಡು ಬೇರೆ ಕಾರಣಗಳಿಂದ ತಮ್ಮದೇ ಶಾಲೆಯನ್ನು ಬಯಸಿದ್ದನ್ನು ಇಲ್ಲಿ ಕಾಣುತ್ತೇವೆ. ಕೆಥೊಲಿಕರಿಗೆ ಅದು 1880ರಲ್ಲಿ ದೊರೆಯಿತು. ಹಿಂದೂಗಳ ಕಡೆಯಿಂದ ಅಮ್ಮೆಂಬಳ ಸುಬ್ಬರಾಯ ಪೈ 1891ರಲ್ಲಿ ಕೆನರಾ ಹೈಸ್ಕೂಲನ್ನು ಸ್ಥಾಪಿಸಿದರು. ಈ ಎರಡು ಶಾಲೆಗಳನ್ನು ಪ್ರತಿಸ್ಪರ್ಧಿಗಳೆಂದು ಬಣ್ಣಿಸುವುದು ರೂಢಿ. ಒಂದೇ ಅಗತ್ಯದ ಎರಡು ಉತ್ತರಗಳೆಂದು ನೋಡುವುದು ಹೆಚ್ಚು ಸರಿಯೆಂದು ತೋರುತ್ತದೆ.

ಮಂಗಳೂರಿನ ಕೆಥೊಲಿಕ ಪ್ರಮುಖರು ಉನ್ನತ ಶಿಕ್ಷಣ ನೀಡಬಲ್ಲ ಪಾದ್ರಿಗಳನ್ನು ಕಳುಹಿಸಬೇಕೆಂದು ರೋಮಿಗೆ ಬಿನ್ನಹ ಮಾಡಿಕೊಂಡರು. 13ನೆಯ ಲಿಯೋ ಜಗದ್ಗುರುಗಳ ಕಾಲದಲ್ಲಿ, 1878ರಲ್ಲಿ, ಮಂಗಳೂರಿನ ಧರ್ಮಕ್ಷೇತ್ರವನ್ನು ಕಾರ್ಮೆಲ್ ಸಭೆಯವರಿಂದ ಯೇಸುಸಭೆಯವರಿಗೆ, ಎಂದರೆ ಜೆಸುಯಿಟರಿಗೆ, ವಹಿಸಲಾಯಿತು. ಅವರ ಮೊದಲ ತಂಡ ಅದೇ ವರ್ಷದ ಡಿಸೆಂಬರ್ 31ರಂದು ಮಂಗಳೂರನ್ನು ತಲುಪಿತು. ಹೆಚ್ಚಿನವರು ಇಟಲಿಯವರಾಗಿದ್ದ ಆ ತಂಡದಲ್ಲಿ ಮುಂದೆ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧಾಲಯವನ್ನು ಆರಂಭಿಸಿದ ಜರ್ಮನಿಯ ಅಗಸ್ಟಸ್ ಮುಲ್ಲರ್ ಕೂಡ ಇದ್ದರು. ಶಾಲೆಗಾಗಿ ಕರೆಸಿಕೊಂಡ ತಂಡದಿಂದ ಆಸ್ಪತ್ರೆಯೊಂದು ಹುಟ್ಟಿಕೊಂಡದ್ದು ಬೇರೆಯೇ ಲೇಖನದ ವಿಷಯ.

ಶಾಲೆಯ ಸ್ಥಾಪನೆ

1880ರ ಜನವರಿ 12ರಂದು ಕೊಡಿಯಾಲಬೈಲಿನ ಒಂದು ಮನೆಯಲ್ಲಿ ಸುಮಾರು 150 ವಿದ್ಯಾರ್ಥಿಗಳೊಂದಿಗೆ ತರಗತಿಗಳು ಆರಂಭವಾದವು. ಸಂಸ್ಥೆಗೆ ಹೆಸರಿಟ್ಟದ್ದು ಸಂತ ಅಲೋಶಿಯಸ್ ಗೊಂಜಾಗನದು. ಇಟಲಿಯ ಒಂದು ಶ್ರೀಮಂತ ಮನೆತನದಲ್ಲಿ 1568ರಲ್ಲಿ ಜನಿಸಿ, ಉತ್ತರಾಧಿಕಾರವನ್ನು ತ್ಯಜಿಸಿ ಯೇಸುಸಭೆಯನ್ನು ಸೇರಿ, ರೋಮಿನಲ್ಲಿ ಸಾಂಕ್ರಾಮಿಕ ರೋಗಪೀಡಿತರ ಆರೈಕೆಯಲ್ಲಿದ್ದಾಗ ತಾನೂ ರೋಗಕ್ಕೆ ತುತ್ತಾಗಿ 1591ರಲ್ಲಿ, 23ರ ವಯಸ್ಸಿನಲ್ಲಿ, ತೀರಿಕೊಂಡವನು ಈತ. ಕೆಥೊಲಿಕ ಸಂಪ್ರದಾಯದಲ್ಲಿ ವಿದ್ಯಾರ್ಥಿಗಳ ಹಾಗೂ ಯುವಜನರ ಪಾಲಕಸಂತ. ಜೆಸುಯಿಟ್ ಶಾಲೆಗೆ ಸಹಜವಾದ ಹೆಸರು.

ಸ್ವಂತ ಕಟ್ಟಡಕ್ಕೆ ನಿವೇಶನ ದೊರೆತದ್ದು ಲೊರೆನ್ಸ್ ಲೋಬೊ ಪ್ರಭು ಅವರ ದಾನದಿಂದ. ಈದ್ಗಾ ಇರುವ ಕಾರಣಕ್ಕೆ ಅದೇ ಹೆಸರಿನಿಂದಲೂ, ನಾವಿಕರಿಗೆ ಸಂಕೇತವಾಗಿದ್ದ ದೀಪಸ್ತಂಭದ ಕಾರಣ ಲೈಟ್‌ಹೌಸ್ ಹಿಲ್ ಎಂಬ ಹೆಸರಿನಿಂದಲೂ, ತುಳು–ಕನ್ನಡ ಬಾಯಲ್ಲಿ ಬಾವುಟಗುಡ್ಡೆ ಎಂದೂ ಕರೆಯಲ್ಪಡುವ ಗುಡ್ಡದ ಮೇಲೆ 1882ರ ಜೂನ್ 11ರಂದು ಅಡಿಗಲ್ಲು ಇಡಲಾಯಿತು. 1885ರಲ್ಲಿ ತರಗತಿಗಳು ಹೊಸ ಕಟ್ಟಡಕ್ಕೆ ಬಂದವು. ರೈಲು ಮಂಗಳೂರಿಗೆ ಬಂದದ್ದು 1907ರಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಅಲ್ಲಿಯವರೆಗೆ ಹೊರಲೋಕದ ದಾರಿಯೆಂದರೆ ಕಡಲು, ಇಲ್ಲವೆ ಘಟ್ಟ. 1901ರ ಜನಗಣತಿಯಂತೆ ನಗರದ ಜನಸಂಖ್ಯೆ 44,108. ಅಷ್ಟು ಸಣ್ಣ, ಅಷ್ಟು ದೂರದ ಊರಿನಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ಹುಡುಗರನ್ನು ಸಿದ್ಧಗೊಳಿಸುವ ಸಂಸ್ಥೆಯೊಂದು ನಿಂತದ್ದು ದೊಡ್ಡ ಸಂಗತಿ. ಪ್ರೌಢ ಶಿಕ್ಷಣಕ್ಕಾಗಿ ಮಗನನ್ನು ಮದರಾಸಿಗೆ ಕಳುಹಿಸುವ ಶಕ್ತಿ ಎಷ್ಟು ಮನೆಗಳಿಗಿತ್ತು?

ಶಾಲೆಯ ಕಿರುದೇಗುಲದ ಬಗೆಗೆ ಈಗಾಗಲೇ ಸಾಕಷ್ಟು ಬರೆಯಲಾಗಿದೆ. ಪ್ರವಾಸಿಗಳು ಸಂಸ್ಥೆಯನ್ನು ಗುರುತಿಸುವುದೂ ಅದರಿಂದಲೇ. ಬೆರ್ಗಮೊ ಸಮೀಪದ ಸ್ತೆಜಾನೊ ಗ್ರಾಮದಲ್ಲಿ 1854ರಲ್ಲಿ ಹುಟ್ಟಿದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ 1899ರಿಂದ 1901ರ ಅವಧಿಯಲ್ಲಿ ಅದರ ಗೋಡೆ ಮತ್ತು ಚಾವಣಿಗಳನ್ನು ಚಿತ್ರಗಳಿಂದ ತುಂಬಿದರು. ಗೋಡೆಗಳಲ್ಲಿ ಹಸಿಗಾರೆಯ ಮೇಲೆ ಬಣ್ಣ ಹಾಕುವ ಫ್ರೆಸ್ಕೊ ವಿಧಾನವನ್ನೂ ಚಾವಣಿಯಲ್ಲಿ ಕ್ಯಾನ್ವಾಸಿನ ಮೇಲಿನ ತೈಲವರ್ಣವನ್ನೂ ಬಳಸಿದ್ದಾರೆ. ಕರಾವಳಿಯ ಮಳೆ ಮತ್ತು ತೇವಕ್ಕೆ ಹಸಿಗಾರೆಯ ಚಿತ್ರ ಬಾಳುವುದು ಸುಲಭವಲ್ಲ. ಹೀಗಾಗಿಯೇ 1990ರ ದಶಕದ ಆರಂಭದಲ್ಲಿ ಇಂಟಾಕ್ ಸಂಸ್ಥೆಯ ಲಖನೌ ಕೇಂದ್ರದ ತಜ್ಞರು ಅವನ್ನು ದುರಸ್ತಿಗೊಳಿಸಬೇಕಾಯಿತು. ನಮ್ಮ ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ ಅಂಶ ಬೇರೆ. ಚಾವಣಿಯ ನಡುವಿನ ಚಿತ್ರಮಾಲೆ ಅಲೋಶಿಯಸನ ಬದುಕಿನದು: ಅರಮನೆಯ ಹುಡುಗ ಅಧಿಕಾರವನ್ನು ಬಿಟ್ಟು ರೋಗಿಯನ್ನು ಹೊರುವವರೆಗಿನ ಕಥೆ. ಇದು ಯಾವ ಭಾಷೆಯ ಹಂಗೂ ಇಲ್ಲದೆ ಶಾಲಾಬಾಲಕನಿಗೆ ಕಲಿಸಿದ ಪಾಠ. ಪಠ್ಯಪುಸ್ತಕಗಳು ಇಂಗ್ಲಿಷಿನಲ್ಲಿದ್ದ ಶಾಲೆಯಲ್ಲಿ ಎಲ್ಲ ಹುಡುಗರೂ ಒಂದೇ ರೀತಿ ಓದಬಲ್ಲ ಪುಸ್ತಕ ಇದೊಂದೇ ಆಗಿತ್ತೆಂದರೆ ಹೆಚ್ಚಿನ ಮಾತಾಗಲಾರದು.

'ಖಾಸಗಿ' ಎಂಬುದರ ಅರ್ಥ

ಇಂದಿನ ಓದುಗರಿಗೆ ಖಾಸಗಿ ಶಾಲೆಯೆಂದರೆ ಶುಲ್ಕದಿಂದ ನಡೆಯುವ, ಸರಕಾರದ ಹಣ ಮುಟ್ಟದ ಶಾಲೆ. ಇಲ್ಲಿ ಚರ್ಚಿಸುತ್ತಿರುವ ಕಾಲಕ್ಕೆ ಈ ಅರ್ಥ ಹೊಂದುವುದಿಲ್ಲ. 1854ರ ವುಡ್ ನಿರೂಪವು ಖಾಸಗಿ ಸಂಸ್ಥೆಗಳಿಗೆ ಸಹಾಯಧನ ನೀಡುವ ನೀತಿಯನ್ನು ಸಾರಿತು. ಸಂಸ್ಥೆ ಯಾವ ಧರ್ಮದವರದೇ ಇರಲಿ, ಲೌಕಿಕ ಶಿಕ್ಷಣ ಸಮರ್ಪಕವಾಗಿದ್ದು, ಇನ್‌ಸ್ಪೆಕ್ಟರರ ತಪಾಸಣೆಗೆ ಒಪ್ಪಿ, ಒಂದಿಷ್ಟು ಶುಲ್ಕ ವಸೂಲು ಮಾಡಿದರೆ ಸಹಾಯಧನಕ್ಕೆ ಅರ್ಹ. 1882ರ ಹಂಟರ್ ಆಯೋಗ ಇದೇ ನೀತಿಯನ್ನು ಇನ್ನಷ್ಟು ಬಲಪಡಿಸಿ, ಪ್ರೌಢ ಶಿಕ್ಷಣವನ್ನು ಆದಷ್ಟು ಖಾಸಗಿಯವರಿಗೆ ಬಿಡಬೇಕೆಂದಿತು. ಸಂತ ಅಲೋಶಿಯಸ್ ಬೆಳೆದದ್ದು ಈ ನೀತಿಯ ನೆರಳಿನಲ್ಲಿ. ಆಡಳಿತ ಯೇಸುಸಭೆಯದು, ನಿವೇಶನ ದಾನಿಗಳದು. ಪಠ್ಯಕ್ರಮ, ಪರೀಕ್ಷೆ, ತಪಾಸಣೆ ಸರಕಾರದ್ದು ಹಾಗೂ ವಿಶ್ವವಿದ್ಯಾನಿಲಯದ್ದು.

ಭಾಷೆಯ ಪ್ರಶ್ನೆಗೆ ಇದು ನೇರವಾಗಿ ಸಂಬಂಧಪಟ್ಟಿದೆ. ಯಾವ ಭಾಷೆಯನ್ನು ಕಲಿಸಬೇಕೆಂಬುದನ್ನು ಶಾಲೆಯ ರೆಕ್ಟರ್ ಒಬ್ಬನೇ ನಿರ್ಧರಿಸುತ್ತಿರಲಿಲ್ಲ. ಪರೀಕ್ಷೆಗೆ ಯಾವ ಭಾಷೆ ಇದೆಯೋ ಅದನ್ನು ಕಲಿಸಬೇಕಿತ್ತು. ಮದರಾಸು ವಿಶ್ವವಿದ್ಯಾನಿಲಯದ ವ್ಯವಸ್ಥೆಯಲ್ಲಿ ಇಂಗ್ಲಿಷ್ ಮೊದಲನೆಯದು. ದ್ವಿತೀಯ ಭಾಷೆಯ ಸ್ಥಾನದಲ್ಲಿ ಕನ್ನಡ, ತಮಿಳು ಮುಂತಾದ ದೇಶಭಾಷೆಗಳೂ, ಸಂಸ್ಕೃತ, ಲ್ಯಾಟಿನ್‌ಗಳಂತಹ ಪ್ರಾಚೀನ ಭಾಷೆಗಳೂ ಇದ್ದವು. ಕೊಂಕಣಿ ಆ ಪಟ್ಟಿಯಲ್ಲಿ ಇರಲಿಲ್ಲ. ತುಳುವೂ ಇರಲಿಲ್ಲ. ತರಗತಿಯಲ್ಲಿ ಕುಳಿತ ಬಹುಪಾಲು ಹುಡುಗರ ಮನೆಮಾತು ಈ ಎರಡರಲ್ಲಿ ಒಂದಾಗಿತ್ತೆಂಬುದು ಮಾತ್ರ ಪರೀಕ್ಷಾ ವ್ಯವಸ್ಥೆಗೆ ಅಮುಖ್ಯವಾದ ಸಂಗತಿ.

ಕೆಥೊಲಿಕ ಮಕ್ಕಳಿಗೆ ಧರ್ಮೋಪದೇಶ, ಇತರರಿಗೆ ನೀತಿಪಾಠ ಎಂಬ ಏರ್ಪಾಡು ಜೆಸುಯಿಟ್ ಶಾಲೆಗಳಲ್ಲಿ ರೂಢಿಯಾಗಿ ಬಂದದ್ದು. ಹಿಂದೂ ಮನೆಗಳು ಕ್ರಮೇಣ ಈ ಶಾಲೆಯನ್ನು ನಂಬಿ ಮಕ್ಕಳನ್ನು ಕಳುಹಿಸಿದ್ದಕ್ಕೆ ಈ ವಿಭಜನೆ ಒಂದು ಕಾರಣವಾಗಿರಬೇಕು. ಶಿಸ್ತು, ಪುನರಾವರ್ತನೆ, ಬಹುಮಾನಗಳ ಮೂಲಕ ಸ್ಪರ್ಧೆ, ರಂಗಪ್ರದರ್ಶನ ಇವೆಲ್ಲ 1599ರ ಜೆಸುಯಿಟ್ ಶಿಕ್ಷಣಸಂಹಿತೆಯಿಂದ ಬಂದ ಕ್ರಮಗಳು. ನಮ್ಮ ಶಾಲೆಗಳ ವಾರ್ಷಿಕೋತ್ಸವದಲ್ಲಿ ಇಂದಿಗೂ ನಡೆಯುವ ಬಹುಮಾನ ವಿತರಣೆ ಮತ್ತು ನಾಟಕ ಎಂಬ ಜೋಡಿಗೆ ಎಷ್ಟು ದೂರದ ನಂಟಿದೆಯೆಂಬುದು ಕುತೂಹಲದ ವಿಷಯ.

ಕೊಂಕಣಿಯ ಗೈರುಹಾಜರಿ

ಯೇಸುಸಭೆಯವರು ಕೊಂಕಣಿಯನ್ನು ಕಡೆಗಣಿಸಿದರೆಂದು ಒಮ್ಮೆಲೇ ಹೇಳುವಂತಿಲ್ಲ. ಶಾಲೆ ಆರಂಭವಾದ ಎರಡು ವರ್ಷಗಳಲ್ಲಿಯೇ, 1882ರಲ್ಲಿ, ಅದೇ ಸಭೆಯ ಆಂಜೆಲೊ ಮಾಫೆಯಿ ಕೊಂಕಣಿ ವ್ಯಾಕರಣವನ್ನು ಪ್ರಕಟಿಸಿದರು. ಮರುವರ್ಷ, 1883ರಲ್ಲಿ, ಅವರ ಇಂಗ್ಲಿಷ್–ಕೊಂಕಣಿ ಹಾಗೂ ಕೊಂಕಣಿ–ಇಂಗ್ಲಿಷ್ ನಿಘಂಟು ಬಂದಿತು. ಇವು ಅಚ್ಚಾದದ್ದು ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಪ್ರೊಟೆಸ್ಟೆಂಟರಿಂದ ತಮ್ಮ ಮಕ್ಕಳನ್ನು ದೂರವಿಡಲೆಂದು ಕರೆಸಿಕೊಂಡ ಪಾದ್ರಿಯ ಪುಸ್ತಕ ಪ್ರೊಟೆಸ್ಟೆಂಟರ ಅಚ್ಚುಕೂಟದಲ್ಲಿಯೇ ಅಚ್ಚಾಯಿತು. ಸಿದ್ಧಾಂತದ ಜಗಳಗಳ ಎತ್ತರದಲ್ಲಿ ನಿಂತು ಆ ಕಾಲವನ್ನು ನೋಡುವವರಿಗೆ ಮಂಗಳೂರಿನ ಕೆಲಸಗಾರರ ಮಟ್ಟದಲ್ಲಿದ್ದ ಇಂತಹ ಸಹಕಾರ ಕಾಣಿಸುವುದಿಲ್ಲ.

ಆದರೆ ಈ ವ್ಯಾಕರಣ, ನಿಘಂಟುಗಳು ಯಾರಿಗಾಗಿ? ಮುಖ್ಯವಾಗಿ ಹೊರದೇಶದಿಂದ ಬಂದ ಪಾದ್ರಿಗಳು ಜನರ ಪಾಪನಿವೇದನೆಯನ್ನು ಕೇಳಲು, ಇಗರ್ಜಿಯಲ್ಲಿ ಪ್ರವಚನ ನೀಡಲು. ಶಾಲೆಯ ಹುಡುಗನಿಗೆ ಅವನ ಭಾಷೆಯನ್ನು ಕಲಿಸಲು ಅಲ್ಲ. ಕೊಂಕಣಿ ಪೀಠದಿಂದ ಕೇಳಿಸಿತು, ಕರಿಹಲಗೆಯ ಮೇಲೆ ಕಾಣಿಸಲಿಲ್ಲ. ಬಾಸೆಲ್ ಮಿಶನ್ನಿನೊಂದಿಗೆ ಹೋಲಿಸಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬಾಸೆಲಿನವರ ಗುರಿ ಹಳ್ಳಿಯ ಹೊಸ ಕ್ರೈಸ್ತರು. ಅವರಿಗೆ ಕನ್ನಡ, ತುಳುಗಳಲ್ಲಿಯೇ ಓದುಬರಹ ಕಲಿಸಬೇಕಿತ್ತು. 1843ರ 'ಮಂಗಳೂರ ಸಮಾಚಾರ'ದಿಂದ 1894ರ ಕಿಟ್ಟೆಲ್ ನಿಘಂಟಿನವರೆಗಿನ ಕೆಲಸ ಆ ಅಗತ್ಯದಿಂದ ಬೆಳೆದದ್ದು. ಯೇಸುಸಭೆಯವರನ್ನು ಕರೆಸಿಕೊಂಡವರಾದರೋ ಶತಮಾನಗಳಿಂದ ಕ್ರೈಸ್ತರಾಗಿದ್ದ, ಉದ್ಯೋಗದ ಮೆಟ್ಟಿಲು ಹತ್ತಲು ಹವಣಿಸುತ್ತಿದ್ದ ಜನ. ಅವರು ಕೇಳಿದ್ದು ಇಂಗ್ಲಿಷ್. ಬಾಸೆಲ್ ಮಿಶನ್ನಿನ ಭಾಷಾಪ್ರೀತಿಯನ್ನು ಹೊಗಳಿ ಜೆಸುಯಿಟರ ಇಂಗ್ಲಿಷ್ ವ್ಯಾಮೋಹವನ್ನು ತೆಗಳುವ ಮುನ್ನ ಬೇಡಿಕೆ ಯಾರದು ಎಂದು ಕೇಳಬೇಕು.

ಕೊಂಕಣಿ ಮುದ್ರಣ ಶಾಲೆಯ ಹೊರಗೆ ಬೆಳೆಯಿತು. ಯೇಸುಸಭೆಯವರದೇ ಆದ ಕೊಡಿಯಾಲಬೈಲು ಮುದ್ರಣಾಲಯ ಧಾರ್ಮಿಕ ಪುಸ್ತಕಗಳನ್ನು ಹೊರತಂದಿತು. 1912ರಲ್ಲಿ ಲುವಿಸ್ ಮಸ್ಕರೇನ್ಹಸ್ 'ಕೊಂಕಣಿ ದಿರ್ವೆಂ' ಪತ್ರಿಕೆಯನ್ನು ಆರಂಭಿಸಿದರು. 1938ರಲ್ಲಿ 'ರಾಕ್ಣೊ' ಬಂದಿತು. ಇವೆಲ್ಲ ಕನ್ನಡ ಲಿಪಿಯಲ್ಲಿ ಎಂಬುದು ಗಮನಾರ್ಹ. ಗೋವೆಯ ಕೆಥೊಲಿಕರು ರೋಮನ್ ಲಿಪಿಯನ್ನು ಬಳಸಿದರೆ ಮಂಗಳೂರಿನವರು ಕನ್ನಡ ಲಿಪಿಯನ್ನು ತಮ್ಮದಾಗಿಸಿಕೊಂಡರು. ಇದಕ್ಕೆ ಯಾವ ಸಭೆಯ ನಿರ್ಣಯವೂ ಕಾರಣವಲ್ಲ. ಶಾಲೆಯಲ್ಲಿ ಕನ್ನಡ ಅಕ್ಷರ ಕಲಿತ ಹುಡುಗ ದೊಡ್ಡವನಾದ ಮೇಲೆ ತನ್ನ ಮನೆಮಾತನ್ನು ಅದೇ ಅಕ್ಷರದಲ್ಲಿ ಓದಿದ, ಬರೆದ. ಕೊಂಕಣಿಯನ್ನು ಕಲಿಸದ ಶಾಲೆ ಕೊಂಕಣಿಗೆ ಲಿಪಿಯನ್ನು ಕೊಟ್ಟಿತು ಎಂಬ ಈ ವಿಪರ್ಯಾಸದ ಕಡೆಗೆ ಸಂಶೋಧಕರ ಗಮನ ಹರಿದದ್ದು ಕಡಿಮೆ.

ಕನ್ನಡ ಪಂಡಿತರು

ಕನ್ನಡದ ಮಟ್ಟಿಗೆ ಸಂಸ್ಥೆಯ ದಾಖಲೆ ಅನಿರೀಕ್ಷಿತವೆನ್ನುವಷ್ಟು ಶ್ರೀಮಂತವಾಗಿದೆ. ಅಂದಿನ ಪ್ರೌಢಶಾಲೆ, ಕಾಲೇಜುಗಳಲ್ಲಿ ಕನ್ನಡ ಪಂಡಿತನ ಹುದ್ದೆ ಗೌರವದ್ದಾಗಿರಲಿಲ್ಲ. ವೇತನದಲ್ಲಿಯೂ ಸ್ಥಾನಮಾನದಲ್ಲಿಯೂ ಇಂಗ್ಲಿಷ್ ಪದವೀಧರ ಅಧ್ಯಾಪಕರಿಗಿಂತ ಆತ ಕೆಳಗಿನವನು. ಗಣಿತ, ವಿಜ್ಞಾನ, ಚರಿತ್ರೆ ಇಂಗ್ಲಿಷಿನಲ್ಲಿ ನಡೆಯುವಾಗ ಕನ್ನಡದ ಗಂಟೆ ಹುಡುಗರಿಗೆ ವಿರಾಮದ ಗಂಟೆ ಎಂಬ ಭಾವನೆ ಸಾರ್ವತ್ರಿಕವಾಗಿತ್ತು. ಇಂತಹ ಹುದ್ದೆಯಲ್ಲಿ ಇದೇ ಗುಡ್ಡದ ಮೇಲೆ ಮುಳಿಯ ತಿಮ್ಮಪ್ಪಯ್ಯನವರೂ ಸೇಡಿಯಾಪು ಕೃಷ್ಣಭಟ್ಟರೂ ಕನ್ನಡ ಕಲಿಸಿದರು.

ಮುಳಿಯ ತಿಮ್ಮಪ್ಪಯ್ಯನವರು (1888–1950) ಹಳಗನ್ನಡ ವಿದ್ವತ್ತಿನ ಕರಾವಳಿ ಪರಂಪರೆಯ ದೊಡ್ಡ ಹೆಸರು. 'ಕನ್ನಡ ಕೋಗಿಲೆ' ಪತ್ರಿಕೆಯನ್ನು ನಡೆಸಿದವರು. 1931ರಲ್ಲಿ ಕಾರವಾರದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅವರ 'ನಾಡೋಜ ಪಂಪ' 1938ರಲ್ಲಿ ಪ್ರಕಟವಾಯಿತು. ಯಕ್ಷಗಾನ ಪ್ರಸಂಗಗಳ ಕರ್ತೃವಿನ ಬಗೆಗಿನ ಅವರ 'ಪಾರ್ತಿಸುಬ್ಬ' ಇಂದಿಗೂ ಚರ್ಚೆಯಲ್ಲಿ ಉಲ್ಲೇಖಗೊಳ್ಳುವ ಕೃತಿ. ಸೇಡಿಯಾಪು ಕೃಷ್ಣಭಟ್ಟರು (1902–1996) ಕನ್ನಡ ಛಂದಸ್ಸು ಮತ್ತು ವ್ಯಾಕರಣಗಳಲ್ಲಿ ಮೂಲಗಾಮಿಯಾದ ವಿಚಾರ ಮಾಡಿದವರು. 'ಪಂಚಮೀ ವಿಭಕ್ತಿ', 'ಕನ್ನಡ ವರ್ಣಗಳು', 'ಛಂದೋಗತಿ' ಮುಂತಾದ ಕೃತಿಗಳ ಹಿಂದೆ ತರಗತಿಯಲ್ಲಿ ವರ್ಷಾನುಗಟ್ಟಲೆ ಲಯವನ್ನೂ ವಿಭಕ್ತಿಯನ್ನೂ ಹುಡುಗರಿಗೆ ಬಿಡಿಸಿ ಹೇಳಿದ ಅಧ್ಯಾಪಕನ ಸ್ಪಷ್ಟತೆ ಕಾಣುತ್ತದೆ.

ಇಬ್ಬರೂ ಸಂಪ್ರದಾಯಸ್ಥ ಬ್ರಾಹ್ಮಣ ಮನೆತನಗಳಿಂದ ಬಂದವರು. ಇಬ್ಬರ ಅನ್ನದ ದಾರಿ ಕೆಥೊಲಿಕ ಪಾದ್ರಿಗಳು ನಡೆಸುವ ಸಂಸ್ಥೆ. ಪಂಪನ ಜೈನ ಕಾವ್ಯವನ್ನು ವೈದಿಕ ಪಂಡಿತರೊಬ್ಬರು ಜೆಸುಯಿಟ್ ಶಾಲೆಯಲ್ಲಿ ಕೊಂಕಣಿ, ತುಳು ಮನೆಮಾತಿನ ಮಕ್ಕಳಿಗೆ ಪಾಠ ಹೇಳುವ ಚಿತ್ರವನ್ನು ಕಣ್ಣಮುಂದೆ ತಂದುಕೊಂಡರೆ ದಕ್ಷಿಣ ಕನ್ನಡದಲ್ಲಿ ಕನ್ನಡವೆಂಬುದು ಯಾವೊಂದು ಮನೆಯದೂ ಅಲ್ಲದ, ಹಾಗೆಂದೇ ಎಲ್ಲರ ಮನೆಯದೂ ಆದ ಭಾಷೆಯಾಗಿ ಬೆಳೆದ ಬಗೆ ಅರ್ಥವಾಗುತ್ತದೆ. ಸಂಸ್ಥೆಯ ಉದ್ದೇಶ ಕನ್ನಡ ವಿದ್ವತ್ತನ್ನು ಪೋಷಿಸುವುದಾಗಿತ್ತೆಂದು ವಾದಿಸಬೇಕಾಗಿಲ್ಲ. ಪರೀಕ್ಷೆಗೆ ಕನ್ನಡವಿತ್ತು, ಪಂಡಿತರು ಬೇಕಾಗಿದ್ದರು, ಸಿಕ್ಕವರಲ್ಲಿ ಸಮರ್ಥರನ್ನು ನೇಮಿಸಿಕೊಂಡರು. ನೇಮಿಸಿಕೊಂಡ ಮೇಲೆ ಅವರ ಪಾಡಿಗೆ ಬಿಟ್ಟರು. ವಿದ್ವಾಂಸನಿಗೆ ಇದಕ್ಕಿಂತ ಹೆಚ್ಚಿನ ಪೋಷಣೆ ಎಷ್ಟೋ ಕಡೆ ದೊರೆತಿಲ್ಲ.

ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೆ ಕಾರ್ಮಿಕ ನಾಯಕನೂ ಕೇಂದ್ರ ಸಚಿವನೂ ಆದ ಜಾರ್ಜ್ ಫೆರ್ನಾಂಡಿಸರ ಬಹುಭಾಷಾ ಭಾಷಣಶಕ್ತಿ ಪ್ರಸಿದ್ಧ. ಅದನ್ನು ಶಾಲೆಯ ಖಾತೆಗೆ ಬರೆಯುವುದಕ್ಕಿಂತ ಮಂಗಳೂರಿನ ಬೀದಿಯ ಖಾತೆಗೆ ಬರೆಯುವುದು ನ್ಯಾಯ. ಶಾಲೆಯ ಪಾಲು ಏನಿದ್ದರೂ ಬೀದಿಯ ಭಾಷೆಗಳಿಗೆ ಬಾಗಿಲು ಹಾಕದೆ ಇದ್ದದ್ದು.

1956ರ ಅನಂತರ

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮದರಾಸಿನಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗ ಪರೀಕ್ಷಾ ಮಂಡಳಿ, ಪಠ್ಯಪುಸ್ತಕ, ವಿಶ್ವವಿದ್ಯಾನಿಲಯ ಎಲ್ಲವೂ ಬದಲಾದವು. ದ್ವಿತೀಯ ಭಾಷೆಯಾಗಿದ್ದ ಕನ್ನಡ ರಾಜ್ಯಭಾಷೆಯಾಯಿತು. ಇಲ್ಲಿಂದ ಮುಂದೆ ಕೆಥೊಲಿಕ ಶಾಲೆಗಳ ಭಾಷಾಪ್ರಶ್ನೆ ಶಾಲೆಯ ಗೋಡೆಯನ್ನು ದಾಟಿ ನ್ಯಾಯಾಲಯವನ್ನು ತಲುಪಿತು. ಸಂವಿಧಾನದ 30ನೆಯ ಅನುಚ್ಛೇದದಂತೆ ಧರ್ಮದಿಂದಾಗಲಿ ಭಾಷೆಯಿಂದಾಗಲಿ ಅಲ್ಪಸಂಖ್ಯಾತರಾದವರಿಗೆ ತಮ್ಮ ಆಯ್ಕೆಯ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕಿದೆ. ಅಹಮದಾಬಾದಿನ ಜೆಸುಯಿಟ್ ಸಂಸ್ಥೆಯಾದ ಸಂತ ಝೇವಿಯರ್ ಕಾಲೇಜಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1974ರಲ್ಲಿ ಈ ಹಕ್ಕನ್ನು ವಿಸ್ತಾರವಾಗಿ ವಿವರಿಸಿತು. 2002ರಲ್ಲಿ ನಮ್ಮ ಕರಾವಳಿಯದೇ ಆದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ, ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟುಕೊಂಡು ನಿರ್ಧರಿಸಬೇಕೆಂದಿತು. ಈ ಲೆಕ್ಕದಲ್ಲಿ ಕೊಂಕಣಿ ಕೆಥೊಲಿಕರು ಕರ್ನಾಟಕದಲ್ಲಿ ಧರ್ಮದಿಂದಲೂ ಭಾಷೆಯಿಂದಲೂ ಅಲ್ಪಸಂಖ್ಯಾತರು. ಶಾಲೆಗಳು ಹಕ್ಕು ಕೇಳಿದ್ದು ಮಾತ್ರ ಹೆಚ್ಚಾಗಿ ಧರ್ಮದ ನೆಲೆಯಿಂದ. ಭಾಷೆಯ ನೆಲೆಯಿಂದ ಕೇಳಿದ್ದು ವಿರಳ.

ಗೋಕಾಕ್ ಸಮಿತಿಯ ವರದಿ 1981ರಲ್ಲಿ ಬಂದು, 1982ರಲ್ಲಿ ಚಳವಳಿ ನಡೆದು, ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನದ ಪ್ರಶ್ನೆ ಮುನ್ನೆಲೆಗೆ ಬಂದಾಗ ಮಂಗಳೂರಿನ ಶಾಲೆಗಳ ಎದುರಿಗೆ ವಿಚಿತ್ರವಾದ ಸನ್ನಿವೇಶವಿತ್ತು. ಕನ್ನಡದ ಪರವಾದ ವಾದ ಬಹುಮಟ್ಟಿಗೆ ಮಾತೃಭಾಷೆಯ ಪರವಾದ ವಾದವಾಗಿ ಮಂಡಿತವಾಯಿತು. 1994ರ ಸರಕಾರಿ ಆದೇಶ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ 'ಮಾಧ್ಯಮ'ವಾಗಿರಬೇಕೆಂದು ವಿಧಿಸಿತು. ಕೊಂಕಣಿ ಮನೆಯ ಮಗುವಿಗೆ ಮಾತೃಭಾಷೆಯ ಶಾಲೆ ಇರಲಿಲ್ಲ. ಉಳಿದದ್ದು 'ಅಥವಾ' ಎಂಬ ಪದದ ಆಚೆಗಿನ ಕನ್ನಡ. ತುಳು, ಬ್ಯಾರಿ ಮನೆಗಳ ಮಕ್ಕಳ ಸ್ಥಿತಿಯೂ ಇದೇ. ಮಾತೃಭಾಷೆಯ ಹೆಸರಿನಲ್ಲಿ ನಡೆದ ವಾದವಿವಾದದಲ್ಲಿ ಇವರ ಮಾತೃಭಾಷೆ ಚರ್ಚೆಗೇ ಬರಲಿಲ್ಲ ಎಂಬುದನ್ನು ಕನ್ನಡದ ಹಿತಚಿಂತಕರೂ ಒಪ್ಪಬೇಕಾಗುತ್ತದೆ. ಕನ್ನಡ ಕಲಿಯಬಾರದೆಂದು ಇದರ ಅರ್ಥವಲ್ಲ. ಕರಾವಳಿಯಲ್ಲಿ ಕನ್ನಡದ ಹಕ್ಕು ನಿಂತಿರುವುದು ಮನೆಮಾತೆಂಬ ನೆಲೆಯ ಮೇಲಲ್ಲ. ಎಲ್ಲ ಮನೆಮಾತುಗಳ ಜನ ಸೇರುವ ಅಂಗಳವೆಂಬ ನೆಲೆಯ ಮೇಲೆ. ಮುಳಿಯ, ಸೇಡಿಯಾಪು ಅವರ ತರಗತಿಗಳಲ್ಲಿ ಇದ್ದದ್ದು ಆ ನೆಲೆಯೇ.

2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಎರಡು ತೀರ್ಪುಗಳನ್ನು ನೀಡಿತು. ಒಂದು, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ, ಆಯ್ಕೆ ಪಾಲಕರದು ಎಂಬ ಕರ್ನಾಟಕದ ಪ್ರಕರಣ. ಇನ್ನೊಂದು, 2009ರ ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದೆಂಬ ಪ್ರಮತಿ ಪ್ರಕರಣ. ಎರಡನೆಯದರ ಸಾಧುತ್ವವನ್ನು ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ 2025ರ ಸೆಪ್ಟೆಂಬರ್‌ನಲ್ಲಿ ಪ್ರಶ್ನಿಸಿ, ವಿಷಯವನ್ನು ದೊಡ್ಡ ಪೀಠದ ಪರಿಶೀಲನೆಗೆ ಒಪ್ಪಿಸಬೇಕೆಂದಿತು. ಒಂದೇ ದಿನದ ಈ ಎರಡು ತೀರ್ಪುಗಳಿಂದ ಕೆಥೊಲಿಕ ಶಾಲೆಗಳಿಗೆ ದೊರೆತ ಸ್ವಾತಂತ್ರ್ಯ ದೊಡ್ಡದು. ಅದನ್ನು ಅವು ಹೆಚ್ಚಾಗಿ ಬಳಸಿಕೊಂಡದ್ದು ಇಂಗ್ಲಿಷ್ ವಿಭಾಗಗಳನ್ನು ವಿಸ್ತರಿಸಲು. ಇದಕ್ಕೆ ಪಾಲಕರ ಒತ್ತಾಯ ಕಾರಣವೆಂಬ ಸಮಜಾಯಿಷಿ 1880ರಲ್ಲಿ ಹೊಂದುತ್ತಿತ್ತು. ನೂರಮೂವತ್ತು ವರ್ಷಗಳ ಪ್ರತಿಷ್ಠೆಯನ್ನು ಗಳಿಸಿದ ಸಂಸ್ಥೆಗಳು ಬೇಡಿಕೆಯನ್ನು ಪೂರೈಸುವುದರ ಜೊತೆಗೆ ಅದನ್ನು ರೂಪಿಸಲೂ ಸಮರ್ಥವಾಗಿವೆ ಎಂಬುದನ್ನು ಮರೆಯುವಂತಿಲ್ಲ.

ಇದೇ ಸಂಸ್ಥೆಯಲ್ಲಿ 1990ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಅರವಿಂದ ಅಡಿಗ 2008ರಲ್ಲಿ ಬೂಕರ್ ಪ್ರಶಸ್ತಿ ಪಡೆದ ಇಂಗ್ಲಿಷ್ ಕಾದಂಬರಿಕಾರ. ಅವರ 'ಬಿಟ್ವೀನ್ ದ ಅಸಾಸಿನೇಶನ್ಸ್' ಕಥಾಸಂಕಲನ ಕಿತ್ತೂರು ಎಂಬ ಕಲ್ಪಿತ ಕರಾವಳಿ ಪಟ್ಟಣದಲ್ಲಿ ನಡೆಯುತ್ತದೆ. ಅದರ ಒಂದು ಕಥೆಯ ಆವರಣ ಜೆಸುಯಿಟರ ಗಂಡುಮಕ್ಕಳ ಹೈಸ್ಕೂಲು. ಅಲ್ಲಿನ ವಿದ್ಯಾರ್ಥಿ, ಮಿಶ್ರಜಾತಿಯ ತಂದೆತಾಯಿಯರ ಮಗ, ತರಗತಿಯಲ್ಲಿ ಬಾಂಬು ಸಿಡಿಸುತ್ತಾನೆ. ಕಲ್ಪಿತ ಶಾಲೆಯನ್ನು ನಿಜವಾದ ಶಾಲೆಯೊಂದಿಗೆ ಸಮೀಕರಿಸುವುದು ವಿಮರ್ಶೆಯಲ್ಲ. ಆದರೂ ಎಲ್ಲರಿಗೂ ಒಂದೇ ಸಮವಸ್ತ್ರ, ಒಂದೇ ಇಂಗ್ಲಿಷ್ ಕೊಟ್ಟ ಮಾತ್ರಕ್ಕೆ ಮನೆಯಿಂದ ತಂದ ಜಾತಿ ತರಗತಿಯಲ್ಲಿ ಕರಗುವುದಿಲ್ಲವೆಂಬ ಅದರ ಒಳನೋಟ ಇಂತಹ ಶಾಲೆಗಳ ಚರಿತ್ರೆ ಬರೆಯುವವರು ಕಡೆಗಣಿಸತಕ್ಕದ್ದಲ್ಲ. ಕೊಂಕಣಿ ಕೆಥೊಲಿಕರಲ್ಲಿಯೂ ಗೋವೆಯಿಂದ ಬಂದ ಜಾತಿಭೇದಗಳು ಉಳಿದಿದ್ದವು. ಸ್ಮರಣಸಂಚಿಕೆಗಳ ಬರಹಗಳು ಈ ವಿಷಯದಲ್ಲಿ ಸಾಮಾನ್ಯವಾಗಿ ಮೌನ ವಹಿಸುತ್ತವೆ.

ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. 1994ರಲ್ಲಿ ಕರ್ನಾಟಕ ಕೊಂಕಣಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಯಿತು. 2007–08ರ ಶೈಕ್ಷಣಿಕ ವರ್ಷದಿಂದ ರಾಜ್ಯದಲ್ಲಿ ಆರನೆಯ ತರಗತಿಯಿಂದ ಕೊಂಕಣಿಯನ್ನು ಐಚ್ಛಿಕ ತೃತೀಯ ಭಾಷೆಯಾಗಿ ಕಲಿಯುವ ಅವಕಾಶ ಒದಗಿತು. ಮಾಫೆಯಿಯ ವ್ಯಾಕರಣ ಅಚ್ಚಾಗಿ ಆಗ 125 ವರ್ಷಗಳಾಗಿದ್ದವು. ಕನ್ನಡ ಲಿಪಿಯಲ್ಲಿ ಬೇಕೆ, ದೇವನಾಗರಿಯಲ್ಲಿ ಬೇಕೆ ಎಂಬ ಚರ್ಚೆ ಕೂಡಲೇ ಎದ್ದು, ಎರಡಕ್ಕೂ ಅವಕಾಶವಾಯಿತು. ಮಂಗಳೂರಿನ ಕೆಥೊಲಿಕ ಮಕ್ಕಳು ಮನೆಗೆ ಬರುವ 'ರಾಕ್ಣೊ'ವಿನಲ್ಲಿ ಕಂಡು ಬಲ್ಲ ಕನ್ನಡ ಲಿಪಿಯ ಪುಸ್ತಕವನ್ನೇ ತೆರೆದರು. ಮೂರನೆಯ ಭಾಷೆಯಾದ್ದರಿಂದ ಕೊಂಕಣಿಯನ್ನು ಆರಿಸಿಕೊಂಡ ವಿದ್ಯಾರ್ಥಿ ಸಾಮಾನ್ಯವಾಗಿ ಹಿಂದಿಯನ್ನು ಬಿಡಬೇಕಾಗುತ್ತದೆ. ಗುಡ್ಡದ ಮೇಲಿನ ಕಾಲೇಜು 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವಾಗಿದೆ. ಕೆಳಗಿನ ತರಗತಿಗಳಲ್ಲಿ, ಹಿಂದಿಯ ಬದಲಿಗೆ ಮನೆಮಾತನ್ನು ಆರಿಸಿಕೊಳ್ಳಬೇಕೆ ಬೇಡವೆ ಎಂಬುದನ್ನು ಆರನೆಯ ತರಗತಿಯ ಮಗುವಿನ ತಂದೆತಾಯಿ ಪ್ರತಿ ಜೂನ್ ತಿಂಗಳಲ್ಲಿ ತೀರ್ಮಾನಿಸುತ್ತಾರೆ.